ಸುಳ್ಳಾಡದ ಪುಟ

ಚಟ್ನಿಯ ಕಾಯಿ ಅರ್ಧ ನುಣ್ಣಗಾಗಿತ್ತು, ಅಷ್ಟರಲ್ಲಿ ಮಿಕ್ಸಿ ನಿಂತಿತು. "ಇವತ್ತೂನಾ!" ಕೀರ್ತನ ಜಾರನ್ನು ಕಟ್ಟೆಗೆ ಕುಕ್ಕಿದಳು. ದೇವನಹಳ್ಳಿಯ ಆ ಬೀದಿಯಲ್ಲಿ ಸೋಮವಾರದಿಂದ ಇದೇ ಕತೆ. ಬೆಳಿಗ್ಗೆ ಹೋದ ಕರೆಂಟು ಬರುವುದು ಸಂಜೆಗೇ. ಮನೆಯಿಂದಲೇ ಕೆಲಸ ಮಾಡುವ ಅವಳಿಗೆ ನಿನ್ನೆ ಮ್ಯಾನೇಜರ್ ಹೇಳಿಬಿಟ್ಟಿದ್ದ: "ನಾಳೆ ಮೀಟಿಂಗ್ ತಪ್ಪಿದ್ರೆ ಬೇರೆ ಕೆಲಸ ನೋಡ್ಕೊಳ್ಳಿ."

"ಅಮ್ಮಾ, ಒಂದು ಕೇಳ್ಲಾ? ಗಂಗಣ್ಣ ಮಾಮ..."

"ಆಮೇಲೆ, ಕಂದಾ," ಎಂದು ಮಗಳು ಸಿಂಚನಳ ತಲೆ ಸವರಿದಳು.

ಎಲ್ಲ ಕಡೆಯ ಸುದ್ದಿಯನ್ನು ಒಂದೇ ಕಡೆ ತಂದುಕೊಡುತ್ತಿದ್ದ ಫೀಡ್ ರೀಡರ್ ಮುಚ್ಚಿದಾಗ ಕೀರ್ತನ ಸಿಟ್ಟಿನಿಂದ ತಾನೇ ಒಂದು ವೆಬ್ ಪುಟ ಮಾಡಿದ್ದಳು. ನೀರು, ಕರೆಂಟು, ಡೇರಿ, ಬೀದಿಗೆ ಬೇಕಾದ ನೋಟೀಸೆಲ್ಲ ತಾನಾಗಿ ಅದರಲ್ಲಿ ಬೀಳುತ್ತಿತ್ತು. ಕಾವಲಿಯ ಮೇಲೆ ದೋಸೆ, ತೊಡೆಯ ಮೇಲೆ ಲ್ಯಾಪ್‌ಟಾಪ್. ಹೊಲಿಗೆ ಬಿಟ್ಟಲ್ಲೆಲ್ಲ ಪಿನ್ನು ಚುಚ್ಚಿದ ಹಾಗೆ ಬರೆದ ಕೋಡು. 'ಆಮೇಲೆ ಸರಿಮಾಡ್ತೀನಿ' ಎಂದದ್ದು ಆಮೇಲೆಗೇ ಉಳಿದಿತ್ತು.

ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತರು. "ಏನವ್ವಾ, ಹಲ್ಲಿ ಶಕುನನಾದ್ರೂ ಒಂದೊಂದ್ಸಲ ಸುಳ್ಳಾಗ್ತದೆ, ನಿನ್ ಪೇಜು ಆಗಲ್ವಲ್ಲ! ಕಟ್ ಅಂದ್ರೆ ಕಟ್ಟೇ. ನೆನೆಸಿದ ಉದ್ದು ಮೊಳಕೆ ಒಡೀತೈತೆ!"

"ಪೇಜ್ ಏನ್ಮಾಡುತ್ತೆ ದೊಡ್ಡಮ್ಮ? ಆ ಆಫೀಸ್ನೋರ ನೀರಿಳಿಸ್ತೀನಿ, ಬನ್ನಿ!"

ಬೀದಿಯವರೂ ನಾಲ್ಕಾರು ಮಂದಿ ಜೊತೆಯಾದರು. ದಾರಿಯಲ್ಲಿ ಸಿಂಚನ ಸೆರಗು ಜಗ್ಗಿದಳು. "ಅಮ್ಮಾ, ಗಂಗಣ್ಣ ಮಾಮ ದಿನಾ ಬೆಳಿಗ್ಗೆ..."

"ಸುಮ್ನೆ ನಡಿ, ಚಿನ್ನಾ."

ಕರೆಂಟ್ ಆಫೀಸಿನಲ್ಲಿ ಕೀರ್ತನ ಮೇಜು ಗುದ್ದಿದಳು. "ದಿನಾ ಅದ್ಯಾವ ರಿಪೇರಿ ರೀ ನಿಮ್ದು?"

ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಅಡಗುವ ತನಕ ಸಾಹೇಬರು ಬಾಯಿ ತೆರೆದುಕೊಂಡೇ ಕಾದರು. "ಸೋಮವಾರ ಒಂದೇ ದಿನ ಕಣಮ್ಮ ಇದ್ದಿದ್ದು. ನೋಟೀಸು ಕಳಿಸ್ತಿದ್ದ ಫೀಡೂ ಅವತ್ತೇ ನಿಲ್ಲಿಸಿದ್ವಿ. ಯಾರೂ ನೋಡ್ತಿರ್ಲಿಲ್ಲ. ಆ್ಯಪ್ ಹಾಕ್ಕೊಳ್ಳಿ."

"ಯಾರೂ ನೋಡ್ತಿರ್ಲಿಲ್ವಾ? ಇಡೀ ಬೀದಿ ನೋಡ್ತಿತ್ತು! ದಿನಾ ಕರೆಂಟ್ ತೆಗೆಸಿದ ಆ ಕತ್ತೆ ಯಾರು? ಕರೀರಿ ಈಗ!"

ಅವಳದೇ ಬೀದಿಯ ಲೈನ್‌ಮನ್ ಗಂಗಣ್ಣ ಕೈ ಒರೆಸುತ್ತಾ ಬಂದ. "ತೆಗೆದೋನು ನಾನೇ ಅಕ್ಕಾ. ಆಫೀಸಿನ ಆ್ಯಪು ನನ್ ಫೋನಿಗೆ ಹಿಡಿಯಾಕಿಲ್ಲ. ಬೆಳಿಗ್ಗೆ ನಿಮ್ ಪೇಜ್ ನೋಡ್ತೀನಿ, ಕಟ್ ಅಂದ್ರೆ ತೆಗೀತೀನಿ. ಇವತ್ತೂ ಐತೆ, ನೋಡಿ."

ಕೀರ್ತನ ನೋಡಿದಳು. ಸೋಮವಾರದ್ದೇ ನೋಟೀಸು, ತಾರೀಖು ಮಾತ್ರ ಇವತ್ತಿನದು. ಹಿಂದೊಮ್ಮೆ ಪುಟ ಖಾಲಿ ಬಂತೆಂದು ಗಂಗಲಕ್ಷ್ಮಮ್ಮ ಗೊಣಗಿದಾಗ, ಒಗ್ಗರಣೆ ಸೀಯುವುದರೊಳಗೆ ಒಂದು ಸಾಲು ತುರುಕಿದ್ದಳು: ಹೊಸದು ಬಾರದಿದ್ದರೆ ಹಳೆಯದಕ್ಕೇ ಇವತ್ತಿನ ತಾರೀಖು ಹಾಕು.

ಬೀದಿಯವರೆಲ್ಲ ಅವಳತ್ತ ತಿರುಗಿದರು. ಕೈಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಮ್ಯಾನೇಜರ್.

ಸಿಂಚನ ಮತ್ತೆ ಸೆರಗು ಜಗ್ಗಿದಳು.

"ಅಮ್ಮಾ, ಈಗಾದ್ರೂ ಕೇಳ್ಲಾ? ಗಂಗಣ್ಣ ಮಾಮ ನಿನ್ ಪೇಜ್ ನೋಡಿ ತಾನೇ ದಿನಾ ಕರೆಂಟ್ ತೆಗೆಯೋದು? ಮತ್ತೆ ನೀನು ಬೈದ ಆ ಕತ್ತೆ ಯಾರಮ್ಮ?"