ಎಡಗಾಲಿನ ಇಪ್ಪತ್ನಾಲ್ಕು ಗಂಟೆ

ಗರ್ರ್... ಗಡಗಡ... ಗರ್ರ್... ನಮ್ಮ ಮನೆಯ ಹಿಂದೆ ಮೀನಿಗಾಗಿ ಮಂಜುಗಡ್ಡೆ ಪುಡಿ ಮಾಡುವ ಯಂತ್ರವೊಂದಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹೀಗೆ ಹಲ್ಲು ಕಡಿಯುತ್ತದೆ. ಈ ಸದ್ದನ್ನು ನಾನು ಶಪಿಸಿದವಳೇ ಹೊರತು ಇದಕ್ಕಾಗಿ ಎಂದೂ ಕಾದವಳಲ್ಲ. ಇಂದು ಕಾಯುತ್ತಿದ್ದೇನೆ.

ಕಾರಣ ಹೇಳುತ್ತೇನೆ. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವಳು. (ಕಣ್ಣಿಗೆ ಕಾಣುವವರು ಯಾರೂ ಇವಳ ಮಾತು ಕೇಳದ್ದರಿಂದ ಕಾಣದವನ್ನು ಹಿಡಿದಿದ್ದಾಳೆ ಎಂಬುದು ಅತ್ತೆಯ ಅಭಿಪ್ರಾಯ.) ನನ್ನ ಸಂಶೋಧನೆಯ ಪ್ರಶ್ನೆ ಸರಳ. ನಮ್ಮ ಚರ್ಮದ ಮೇಲೆ ಹುಟ್ಟಿದಾಗಿನಿಂದ ಬಿಡಾರ ಹೂಡಿರುವ ಬ್ಯಾಕ್ಟೀರಿಯಾಗಳು ಕಡಲಲ್ಲಿ ಈಜಿದರೆ ಕೊಚ್ಚಿಹೋಗುತ್ತವೆಯೇ? ಅವುಗಳ ಜಾಗಕ್ಕೆ ಕಡಲಿನವು ಬಂದರೆ ಎಷ್ಟು ಹೊತ್ತು ಉಳಿಯುತ್ತವೆ? ಇದಕ್ಕಾಗಿ ಈಜುಗಾರರ ಎಡಗಾಲಿನ ಮೀನಖಂಡವನ್ನು ಈಜುವ ಮುಂಚೆ, ಈಜಿದ ಕೂಡಲೇ, ಮತ್ತೆ ಒಂದು ದಿನ ಕಳೆದ ಮೇಲೆ ಹತ್ತಿಕಡ್ಡಿಯಿಂದ ಒರೆಸಿಕೊಳ್ಳಬೇಕು. ಆ ಇಪ್ಪತ್ನಾಲ್ಕು ಗಂಟೆ ಸ್ನಾನವಿಲ್ಲ, ಸೋಪಿಲ್ಲ, ಎಣ್ಣೆಯಿಲ್ಲ.

ಕಾಲೇಜಿನ ನಾಲ್ವರು ಈಜುಗಾರರು ಸಿಕ್ಕರು. ಐದನೆಯವನು ಜ್ವರ ಬಂದು ಮಲಗಿದ. ಗುರುವಾರದೊಳಗೆ ನನ್ನ ಪಿಎಚ್‌ಡಿ ಗೈಡ್ ಮುಂದೆ ಐದು ಜನರ ಫಲಿತಾಂಶ ಇಡದಿದ್ದರೆ ಎರಡು ವರ್ಷದ ನನ್ನ ಅಧ್ಯಾಯ ಕಸದ ಬುಟ್ಟಿಗೆ.

"ಯಾಕೇ, ನಾನಿಲ್ವಾ?" ಎಂದರು ನಮ್ಮ ಯಜಮಾನರು. ಬಸ್ ಡಿಪೋದಲ್ಲಿ ಟೈಮ್‌ಕೀಪರ್.

"ನಿಮಗೆ ಈಜು ಬರತ್ತಾ?"

"ಏನಂತ ಕೇಳ್ತೀಯೇ! ಹುಡುಗನಾಗಿದ್ದಾಗ ಊಟಕ್ಕೆ ಮುಂಚೆ ಎರಡು ಸಲ ಹೊಳೆ ದಾಟ್ತಿದ್ದೆ. ಮೀನುಗಳು ಪಕ್ಕಕ್ಕೆ ಸರಿದು ದಾರಿ ಬಿಡ್ತಿದ್ವು."

(ಆಗ ಅತ್ತೆ ಯಾಕೆ ಕೆಮ್ಮಿದರೆಂದು ಕೇಳಬೇಕಿತ್ತು.)

ಹಿಂದಿನ ಭಾನುವಾರ ಬೆಳಿಗ್ಗೆ ಐವರೂ ಕಡಲಿಗೆ ನಡೆದರು. ಗಾಳಿಗೆ ಚೀಟಿಗಳು ಹಾರದಂತೆ ನಾನು ಕಡಲಿಗೆ ಬೆನ್ನು ಹಾಕಿ ಕೂತು ಸೀಸೆಗಳಿಗೆ ಹೆಸರು ಅಂಟಿಸಿದೆ. ಹತ್ತು ನಿಮಿಷಕ್ಕೆ ಎಲ್ಲರೂ ವಾಪಸು. ನಮ್ಮ ಯಜಮಾನರ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಬ್ಬಾ, ಏನು ಅಲೆ!" ಎಂದು ಏದುಸಿರು ಬಿಟ್ಟರು. ಕಾಲು ಮಾತ್ರ ಅಷ್ಟು ಬೇಗ ಒಣಗಿದ್ದಕ್ಕೆ ನಾನು ಗಾಳಿಯನ್ನು ಮೆಚ್ಚಿಕೊಂಡೆ.

ಆಮೇಲೆ ಶುರುವಾಯಿತು ಕಾವಲು. ಇವರು ದಿನಕ್ಕೆರಡು ಸಲ ಹಾಡುತ್ತಾ ಮೀಯುವವರು. ಬಚ್ಚಲುಮನೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತೆ.

"ಮೈಯೆಲ್ಲ ಅಂಟು ಕಣೇ. ಬಲಗಾಲಾದ್ರೂ ತೊಳ್ಕೊಳ್ತೀನಿ."

"ನೀರು ಹಾರತ್ತೆ."

"ಕಟ್ಕೊಂಡ ಗಂಡನಿಗಿಂತ ಅವನ ಕಾಲೇ ಹೆಚ್ಚಾಯ್ತಾ ನಿಂಗೆ?"

"ಗುರುವಾರದವರೆಗೆ."

ಅತ್ತೆ ಮೂಗು ಮುಚ್ಚಿಕೊಂಡು ಹಾದುಹೋದರು. "ಒಣಮೀನಿನ ಮೂಟೆ ಕಾಯೋರೂ ಇಷ್ಟು ಹತ್ರ ಕೂರಲ್ಲಮ್ಮ."

ಬುಧವಾರ ಸಂಜೆ, ಒರೆಸಿ ತಂದದ್ದನ್ನು ಬೆಳೆಸಲು ಇಟ್ಟಿದ್ದ ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಫಲ ಕಂಡಿತು. ನಾಲ್ವರು ಈಜುಗಾರರಲ್ಲೂ ಹಳೆಯ ಒಕ್ಕಲು ತೆಳುವಾಗಿ, ಕಡಲಿನವು ಹಳದಿ ಚುಕ್ಕೆಗಳಾಗಿ ಎದ್ದಿದ್ದವು. ಒಂದು ದಿನ ಕಳೆದ ಮೇಲೂ ಕೆಲವು ಹೊರಟಿರಲಿಲ್ಲ. ನಮ್ಮ ಯಜಮಾನರ ತಟ್ಟೆಯಲ್ಲಿ ಒಂದೂ ಹಳದಿ ಚುಕ್ಕೆಯಿಲ್ಲ! ಹಳೆಯ ಒಕ್ಕಲು ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಸುಖವಾಗಿತ್ತು.

ಮನೆಗೆ ಬಂದವಳೇ ಚೀಲ ಕೂಡ ಇಳಿಸದೆ ಕೇಳಿದೆ. "ಕದ್ದು ಸ್ನಾನ ಮಾಡಿದ್ರಿ ಅಲ್ವಾ?"

"ನಿನ್ನಾಣೆ ಇಲ್ಲ."

"ಅವನು ಮಿಂದಿಲ್ಲಮ್ಮ, ಅದಕ್ಕೆ ನನ್ನ ಮೂಗೇ ಸಾಕ್ಷಿ," ಎಂದರು ಅತ್ತೆ. "ಆದರೆ ಕಡಲಿಗೆ ಇಳಿದ್ನಾ ಅಂತ ಕೇಳು. ಇವನಿಗೆ ಮೊಣಕಾಲುದ್ದ ನೀರು ಕಂಡ್ರೂ ತಲೆ ಸುತ್ತತ್ತೆ."

ಯಜಮಾನರು ಸೂರು ನೋಡಿದರು. ನೆಲ ನೋಡಿದರು. "ದೋಣಿ ಮರೆಗೆ ನಿಂತು ಕುಡಿಯೋ ನೀರಿನ ಬಾಟ್ಲಿನ ತಲೆ ಮೇಲೆ ಸುರ್ಕೊಂಡೆ," ಎಂದರು ಮೆಲ್ಲಗೆ. "ನಿನ್ನ ಕೆಲಸ ಕೆಡಬಾರ್ದು ಅಂತ ಒಪ್ಕೊಂಡಿದ್ದು ಕಣೇ. ನೀರು ನೋಡಿದ್ಮೇಲೆ ಧೈರ್ಯ ಕೈಕೊಡ್ತು."

ಬೈಯಲು ಬಾಯಿ ತೆರೆದೆ. ಹಾಗೇ ಮುಚ್ಚಿ ಚೀಲ ಇಳಿಸಿದೆ. ಆ ರಾತ್ರಿ ನಾನೂ ಸೂರನ್ನೇ ನೋಡುತ್ತಾ ಮಲಗಿದೆ.

ಗುರುವಾರ ಗೈಡ್ ಕಾಗದ ತಿರುವಿ, ಕನ್ನಡಕ ತೆಗೆದು ಕೇಳಿದರು. "ಎಲ್ಲ ಸರಿ. ಇದೇ ದಡ, ಇದೇ ಬಿಸಿಲು, ಇದೇ ಮರಳು, ಆದರೆ ನೀರಿಗೆ ಮಾತ್ರ ಇಳಿಯದವರು ಯಾರು? ಹೋಲಿಸಿ ನೋಡೋಕೆ ಒಬ್ಬರಾದರೂ ಬೇಡವೇ? ಅದನ್ನೇ ಮರೆತಿರಾ?"

ಮರೆತಿದ್ದೆ. ಮೊದಲ ವರ್ಷದ ಮಕ್ಕಳಿಗೆ ಮೊದಲ ದಿನವೇ ನಾನು ಹೇಳಿಕೊಡುವ ಪಾಠವದು.

"ಇದ್ದಾರೆ ಸರ್," ಎಂದೆ. "ನಮ್ಮ ಯಜಮಾನರು."

"ಓ, ಯೋಚನೆ ಮಾಡಿಯೇ ನಿಲ್ಲಿಸಿದ್ದಿರಿ!"

"ನಾನು ನಿಲ್ಲಿಸಲಿಲ್ಲ ಸರ್. ಅವರೇ ನಿಂತುಬಿಟ್ಟರು."

ನಡೆದದ್ದೆಲ್ಲ ಹೇಳಿದೆ. ಗೈಡ್ ಮೇಜು ತಟ್ಟಿ ತಟ್ಟಿ ನಕ್ಕರು. ನಡೆದ ಹಾಗೇ ಬರೆಯಿರಿ, ಅಧ್ಯಾಯ ಉಳಿಯುತ್ತದೆ ಎಂದರು. ಎರಡು ವರ್ಷದ ಭಾರ ಇಳಿದು ಕುರ್ಚಿಯಿಂದ ಹೂವಿನಂತೆ ಎದ್ದೆ.

"ಆದರೆ ಒಬ್ಬರು ಸಾಲದು," ಎಂದರು ಅವರು. "ಈ ಭಾನುವಾರ ಇನ್ನೊಬ್ಬರನ್ನು ದಡದಲ್ಲಿ ನಿಲ್ಲಿಸಿ. ದಡದಲ್ಲಿ ಹೇಗೂ ನೀವಿರುತ್ತೀರಲ್ಲ?"

ಹೀಗಾಗಿ ನಿನ್ನೆ ಭಾನುವಾರ ಬೆಳಿಗ್ಗೆ ಎಂಟರಿಂದ ನನಗೆ ಸ್ನಾನವಿಲ್ಲ. ಬಚ್ಚಲುಮನೆಯ ಬಾಗಿಲಲ್ಲಿ ಅದೇ ಕುರ್ಚಿ. ಅದರ ಮೇಲೆ ಡಿಪೋದ ಗಡಿಯಾರ ಹಿಡಿದ ಟೈಮ್‌ಕೀಪರ್.

"ರೀ, ಬಲಗಾಲಾದ್ರೂ..."

"ನೀರು ಹಾರತ್ತೆ ಕಣೇ," ಎನ್ನುತ್ತಾರೆ ಗಂಭೀರವಾಗಿ. "ಇನ್ನೂ ನಾಲ್ಕು ನಿಮಿಷ."

ಅದಕ್ಕೇ ಕಾಲನ್ನು ಸ್ಟೂಲಿನ ಮೇಲಿಟ್ಟು, ಕೆರೆದುಕೊಳ್ಳುವ ಕೈಗೆ ಪೆನ್ನು ಕೊಟ್ಟು ಇದನ್ನು ಬರೆಯುತ್ತಿದ್ದೇನೆ.

ಗರ್ರ್... ಗಡಗಡ... ಎಂಟಾಯಿತು! ಕಾಲು ಒರೆಸಿಯಾಯಿತು, ಸೀಸೆ ಮುಚ್ಚಿಯಾಯಿತು, ಕುರ್ಚಿಯೂ ಸರಿಯಿತು. ಕಡಲಿನ ಸಹವಾಸ ಮನುಷ್ಯರಿಗೆ ಕಲಿಸುವುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಗಂಡಹೆಂಡಿರು ಒಬ್ಬರನ್ನೊಬ್ಬರು ಅರಿಯಬೇಕಾದರೆ ಮೊದಲು, ರೀ, ನನ್ನ ಟವೆಲ್ಲು ಎಲ್ಲಿ