ಸೋಫಾಕ್ಕೆ ವೀರಭದ್ರನ ಒಪ್ಪಿಗೆ

ಆಸೆಯ ವಿಷಯದಲ್ಲಿ ನಾನು ಬಡವನಲ್ಲ. ಅಂಗಡಿಯ ಮುಂದೆ ಹಾದರೆ ಸಾಕು, ಅಲ್ಲಿರುವುದರಲ್ಲಿ ಅರ್ಧ ನಮ್ಮ ಮನೆಯಲ್ಲಿಲ್ಲವಲ್ಲ ಎಂದು ಬೇಸರವಾಗುತ್ತದೆ. ನನ್ನ ಹೆಂಡತಿ ಗೌರಾಳಿಗೆ ಈ ರೋಗ ಇರಲಿಲ್ಲ. ಏನೇ ಕೊಳ್ಳುವುದಿದ್ದರೂ ಅವಳು ಮೊದಲು ದೇವರನ್ನು ಕೇಳುತ್ತಿದ್ದಳು. ದೇವರ ಜಗಲಿಯ ಮೇಲಿನ ಹಿತ್ತಾಳೆಯ ವೀರಭದ್ರನ ತಲೆಗೆ ಒದ್ದೆ ಹೂ ಅಂಟಿಸಿ ಕೂರುವುದು; ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ನಾನು ಆಸೆಪಟ್ಟದ್ದೆಲ್ಲ ಎಡಕ್ಕೇ ಬೀಳುತ್ತಿತ್ತು. "ಒರಸೂದು ಒಂದ್ ಸಾಮಾನ ಕಡಿಮಿ ಆತು ಬಿಡ್ರಿ" ಎಂದು ಅವಳು ಖುಷಿಯಿಂದ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ದೇವರೂ ಅವಳೂ ಮೊದಲೇ ಮಾತಾಡಿಕೊಂಡಿದ್ದಾರೆಂಬುದು ನನ್ನ ಅನುಮಾನ.

ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಎದುರು ಮನೆಯ ದಸ್ತಗೀರ ಸಾಹೇಬರು ಮೊನ್ನೆ ಸೋಫಾ ತಂದರು. ಕೂತವನನ್ನು ಎಬ್ಬಿಸಲು ಇಬ್ಬರು ಬೇಕು, ಅಷ್ಟು ಮೆತ್ತಗೆ. ನನಗೂ ಬೇಕೆನಿಸಿತು. ತಡೆಯುವವರಿರಲಿಲ್ಲ. ಆದರೆ ಕೇಳದೆ ತಂದರೆ, ಈ ಮನೆಯಲ್ಲಿ ಗೌರಾಳ ಮಾತು ಮುಗಿಯಿತೆಂದು ನಾನೇ ಒಪ್ಪಿಕೊಂಡಂತೆ. ಸರಿ, ಸ್ನಾನ ಮಾಡಿ ಜಗಲಿಯ ಮುಂದೆ ಕೂತೆ. ಬಬಲೇಶ್ವರದ ಹತ್ತಿರದ ಜೈನಾಪುರದಿಂದ ಬಂದಿದ್ದ ಅವಳ ತಂಗಿ ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು. ಇಟ್ಟ ಕೂಡಲೇ ಹೂ ಬಲಕ್ಕೆ ಹಾರಿತು.

"ಮಾಮಾ, ಫ್ಯಾನ್ ಹಚ್ಚಿ ದೇವರ್ನ ಕೇಳ್ತಾರೇನ್ರಿ? ವೀರಭದ್ರಗ ನೆಗಡಿ ಆದೀತು!"

"ಝಳ ಭಾಳ ಐತಿ ಬೇ."

"ನಮ್ಮಕ್ಕಗ ಝಳ ಇರಲಿಲ್ಲೇನು? ಬಂದ್ ಮಾಡ್ರಿ ಮೊದಲ!"

ಮಾಡಿದೆ. ಹೊಸ ಹೂ ಇಟ್ಟೆ. ಬೆವರಿಳಿಯಿತು, ಕಾಲು ಜೋಮು ಹಿಡಿಯಿತು. ಕೊನೆಗೆ ಹೂ ಮೆಲ್ಲಗೆ ಎಡಕ್ಕೆ ಜಾರಿತು. ಶಾಂತವ್ವ ನಕ್ಕಳು; ನಾನು ಅವಳಿಗಿಂತ ಜೋರಾಗಿ ನಕ್ಕೆ. ಎಂಟು ತಿಂಗಳ ಮೇಲೆ ಈ ಮನೆಯಲ್ಲಿ ಯಾರೋ ಒಬ್ಬರು ನನಗೆ "ಬೇಡ" ಎಂದಿದ್ದರು. ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಸಂಜೆ ದಸ್ತಗೀರ ಸಾಹೇಬರು, "ನಿಮ್ಮ ಸೋಫಾ ಯಾವಾಗ ಬರ್ತೈತ್ರಿ?" ಎಂದರು.

"ನಮ್ಮಾಕಿ ಒಪ್ಪಲಿಲ್ರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನಮ್ಮಾಕೀನೂ ಬ್ಯಾಡ ಅಂದಿದ್ಲು. ಕೇಳಬೇಕಿತ್ ನೋಡ್ರಿ. ಈಗ ನಮಾಜಿಗೆ ಜಾಗಾನ ಉಳದಿಲ್ಲ!"

ಅಂದಿನಿಂದ ನನ್ನ ಆಸೆಗಳು ಹೆಚ್ಚಿವೆ. ಸೋಮವಾರ ವಾಷಿಂಗ್ ಮಷಿನ್, ಗುರುವಾರ ದೊಡ್ಡ ಟಿವಿ. ಕೇಳುತ್ತೇನೆ, ಬೇಡ ಅನ್ನಿಸಿಕೊಂಡು ಹಗುರಾಗಿ ಏಳುತ್ತೇನೆ. ಎಲ್ಲಾದರೂ ಬಲಕ್ಕೆ ಬಿದ್ದೀತೆಂಬ ಹೆದರಿಕೆಯಿಂದ ನಿನ್ನೆ ಹೆಲಿಕಾಪ್ಟರ್ ಕೇಳಿದೆ. ಎಡಕ್ಕೇ ಬಿತ್ತು. ಆದರೆ ಬೀಳುವ ತನಕ ನಾನು, ನಮ್ಮ ಮಾಳಿಗೆಯ ಮೇಲೆ ಅದು ಹಿಡಿಸೀತೇ ಎಂದು ಯೋಚಿಸುತ್ತಿದ್ದೆ.