ಹುಲ್ಲು ಯಾವುದು, ಕಸ ಯಾವುದು

ನಾನು ಒಂದು ಮಾಡಲು ಹೋದರೆ ಇನ್ನೊಂದು ಆಗುವುದು ನಮ್ಮ ಮನೆಗೆ ಹೊಸದಲ್ಲ. ಆದರೆ ಈ ಹುಲ್ಲಿನ ವಿಷಯದಲ್ಲಿ ಏನಾಯಿತೆಂದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ.

೧. ಕತ್ತರಿ

ತಾರ್ನಾಕದ ಈ ಬಾಡಿಗೆ ಮನೆಯನ್ನು ನಾನು ಒಪ್ಪಿದ್ದೇ ಮುಂದಿನ ಅಂಗೈಯಗಲದ ಹುಲ್ಲಿಗಾಗಿ. ಹತ್ತು ತಿಂಗಳ ಮಗ ಮೊದಲ ಹೆಜ್ಜೆ ಅದರ ಮೇಲೇ ಇಡಬೇಕೆಂಬುದು ನನ್ನ ಹಟ. ಮೂಲೆಯಲ್ಲೊಂದು ಹೂವಿನ ಕಂಟಿ ಇತ್ತು. ಅದು ನೆಲದೊಳಗೇ ಬೇರು ಓಡಿಸಿ ಹುಲ್ಲಿನ ನಡುವೆ ಅಲ್ಲಲ್ಲಿ ತಲೆ ಎತ್ತಿತು. ಕತ್ತರಿಸಿದೆ. ಒಂದಿದ್ದಲ್ಲಿ ನಾಲ್ಕು ಬಂದವು. ಮತ್ತೆ ಕತ್ತರಿಸಿದೆ.

ಗಂಡ ಬಾಗಿಲಲ್ಲಿ ನಿಂತು ಕೇಳಿದರು: "ಏನಿದು? ಕಡಿಯಾಕತ್ತೀಯೋ, ಬಿತ್ತಾಕತ್ತೀಯೋ?"

"ನಾ ಹತ್ತನೇ ಕ್ಲಾಸ್ ತನಕ ಓದಿದಾಕಿ. ಡಿಗ್ರಿ ಮಾಡಿದವರು ನೀವು, ಬಂದು ಹೇಳ್ರಿ."

ಡಿಗ್ರಿಯವರು ಬಂದರು, ಬಹಳ ಹೊತ್ತು ನೋಡಿದರು, "ಯಾಕೋ ಬಾಡಿದಂಗ ಅನಸ್ತೈತಿ" ಎಂದು ಪೈಪು ತಂದು ನೀರು ಬಿಟ್ಟರು.

೨. ಆಳು

ಬೇರು ಸಮೇತ ಅಗೆಯದಿದ್ದರೆ ಅದು ಹೋಗುವುದಿಲ್ಲವೆಂದು ಮೇಲಿನ ಮನೆಯ ಓನರಮ್ಮ ಹೇಳಿದರು. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳನ್ನು ಕರೆದೆ. "ಬ್ಯಾಡಾದದ್ದನ್ನೆಲ್ಲಾ ಬೇರು ಸಮೇತ ತಗಿಯವ್ವಾ" ಎಂದು ಹೇಳಿ ಮಗನನ್ನು ಮಲಗಿಸಲು ಒಳಗೆ ಹೋದೆ.

ಹೊರಗೆ ಬಂದರೆ ಒಂದೆಳೆ ಹುಲ್ಲಿಲ್ಲ! ಕಂಟಿಗಳು ಮಾತ್ರ ಬುಡಕ್ಕೆ ಮಣ್ಣು ಏರಿಸಿಕೊಂಡು ಸಾಲಾಗಿ ನಿಂತಿವೆ.

"ಇದೇನ ಮಾಡಿದಿ?"

"ಕಸ ತಗದೀನ್ರಿ ಅಕ್ಕಾ. ಸಣ್ಣಾಕಿ ಇದ್ದಾಗಿಂದ ತೊಗರಿ ಹೊಲದಾಗ ಇದನ್ನ ಮಾಡೀನಿ. ಹುಲ್ಲು ಭಾಳ ಬೆಳದಿತ್ತು, ಪಾಪ, ನಿಮಗ ಗೊತ್ತಾಗಿಲ್ಲ."

"ನಮಗ ಹುಲ್ಲೇ ಬೇಕವ್ವಾ!"

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಎಮ್ಮಿ ಎಲ್ಲಿ ಕಟ್ಟೀರಿ?"

೩. ಹೆಜ್ಜೆ

ಕಿತ್ತ ಹುಲ್ಲನ್ನು ಆಕೆಯೇ ಕಂಟಿಗಳ ಸಾಲು ಬಿಟ್ಟು ಮತ್ತೆ ನೆಟ್ಟಳು; ಹುಲ್ಲು ಬೇರೂರಿದ ಮೇಲೆ ಕಂಟಿ ಅಗೆಯುವುದೆಂದಾಯಿತು. ತಿಂಗಳಲ್ಲಿ ಹಸಿರಾಯಿತು. ಕಂಟಿ ಅಗೆಯಲು ಆಕೆ ಗುದ್ದಲಿ ಹಿಡಿದು ಬಂದ ದಿನ, ನಾನು ತಡೆಯಲಾರದೆ ಮಗನನ್ನು ಹುಲ್ಲಿನ ಮೇಲೆ ನಿಲ್ಲಿಸಿದೆ. ಪಾದಕ್ಕೆ ಹುಲ್ಲು ತಾಕಿದ್ದೇ ತಡ, ಕೆಂಡ ತುಳಿದವನಂತೆ ಎರಡೂ ಕಾಲು ಮೇಲೆತ್ತಿ ಚೀರಿದ. ಇಳಿಸಿದಷ್ಟು ಸಲವೂ ಎತ್ತಿದ. ಬೇಸತ್ತು ಕಂಟಿಗಳ ಬುಡದ ಬರಿಮಣ್ಣಿನಲ್ಲಿ ಬಿಟ್ಟೆ.

ಅವನು ಒಂದು ಕಂಟಿ ಹಿಡಿದು ನಿಂತ. ಅದನ್ನು ಬಿಟ್ಟು ಮುಂದಿನದಕ್ಕೆ ಕೈ ಚಾಚಿದ. ಒಂದು, ಎರಡು, ಮೂರು ಹೆಜ್ಜೆ!

"ಈಗ ಯಾವುದನ್ನ ಕಡಿಯೋದು?" ಎಂದರು ಗಂಡ.

ಆಕೆ ಗುದ್ದಲಿಯನ್ನು ಗೋಡೆಗೆ ಒರಗಿಸಿದಳು. "ಅಕ್ಕಾ, ನಾ ಮೊದಲ ಸಲಾನ ಸರಿ ತಗದಿದ್ದೆನಲ್ರೀ!"